ಹೊಸ್ತಿಲಾಚೆಯ ಕುಂಬಳಕಾಯಿ

ಭಾನುವಾರದಿಂದ ಕೊಪ್ಪಳದ ನಮ್ಮ ಮನೆಯ ಹೊಸ್ತಿಲ ಹೊರಗೆ ಒಂದು ಕುಂಬಳಕಾಯಿ ಕೂತಿದೆ. ತೊಟ್ಟು ಕೊಯ್ದ ಕಡೆ ಹಸಿ ಅಂಟು ಒಸರಿದೆ. ಬಾಗಿಲು ತೆರೆದಾಗಲೆಲ್ಲ ಅದರ ವಾಸನೆ ಮೂಗಿಗೆ ಬಡಿಯುತ್ತದೆ. ನವಲಿ ಕಡೆಯ ನಮ್ಮೂರಿನಿಂದ ದೊಡ್ಡಪ್ಪನ ಮಗ ಕಾರಿನಲ್ಲಿ ಕಳಿಸಿದ್ದು. ಆ ವಾಸನೆಗೆ ನನಗೆ ನೆನಪಾದವರು ನಮ್ಮ ಸಭೆಯ ಉಪದೇಶಿಗಳು. ನೆನಪಿನ ಬೆನ್ನಿಗೇ ಸಿಟ್ಟೂ ಬಂತು. ಬರಲಿ.

ಉಪದೇಶಿಗಳೆಂದರೆ ನಮ್ಮೂರಿನ ಪುಟ್ಟ ಚರ್ಚಿನಲ್ಲಿ ಆರಾಧನೆ ನಡೆಸುತ್ತಿದ್ದವರು. ಸಣಕಲು ದೇಹ, ತೊಳೆದು ತೊಳೆದು ಹಳದಿಯಾದ ಬಿಳಿ ಅಂಗಿ. ಪ್ರಸಂಗದ ನಡುವೆ ಸುಮ್ಮನಾಗಿ ಕಿಟಕಿಯಾಚೆ ಗದ್ದೆಯ ಕೊಕ್ಕರೆಗಳನ್ನು ನೋಡುತ್ತ ನಿಂತುಬಿಡುತ್ತಿದ್ದರು... ಏನು ಯೋಚಿಸುತ್ತಿದ್ದರೋ.

ಅವರಿದ್ದಾಗ ಒಂದು ವರ್ಷ ಅಪ್ಪನ ಭತ್ತ ತೆನೆ ಕಟ್ಟುವ ಹೊತ್ತಿಗೆ ಒಣಗಿತು. ಬರಗಾಲವೇನಲ್ಲ, ಕಾಲುವೆ ತುಂಬಿ ಹರಿಯುತ್ತಿತ್ತು. ಮೇಲಿನ ಗದ್ದೆ ದೊಡ್ಡಪ್ಪನದು, ಕೆಳಗಿನದು ನಮ್ಮದು. ದೊಡ್ಡಪ್ಪ ಕಾಲುವೆಗೆ ಮಣ್ಣಿನ ಚೀಲ ಅಡ್ಡ ಹಾಕಿ ನಮ್ಮ ಪಾಳಿಯ ನೀರನ್ನೂ ತನ್ನ ಕಡೆ ತಿರುಗಿಸಿಕೊಂಡಿದ್ದ. ಸಭೆಯ ಹಿರಿಯ ಬೇರೆ ಅವನು! ಹಾಗಾಗಿ ಎಲ್ಲರೂ ಬುದ್ಧಿ ಹೇಳಿದ್ದು ಅಪ್ಪನಿಗೇ.

"ಸಮಾಧಾನ ಮಾಡ್ಕೋಪಾ. ನಾವು ಕ್ರಿಸ್ತನ ಮಂದಿ, ಜಗಳಾ ಮಾಡಬಾರ್ದು."

ಸಮಾಧಾನವಂತೆ. ಆ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಮೇಲಿನಿಂದ ನೀರು ಬರಲಿಲ್ಲ, ಬುದ್ಧಿಮಾತು ಮಾತ್ರ ತಡೆಯಿಲ್ಲದೆ ಹರಿದು ಬಂತು.

ಒಂದು ಬೆಳಿಗ್ಗೆ ಅಪ್ಪ ಕೊಡಲಿ ಹಿಡಿದು ಕಾಲುವೆಯತ್ತ ಹೊರಟ. ಅವನಿಗಿಂತ ಮೊದಲೇ ಉಪದೇಶಿಗಳು ಓಡಿಹೋಗಿ ಆ ಮಣ್ಣಿನ ಚೀಲಗಳ ಮೇಲೆ ಕೂತುಬಿಟ್ಟರು. "ನಿನ್ನ ಸಿಟ್ಟು ಖರೇ ಐತಿ ತಮ್ಮಾ, ಕೊಡ್ಲಿ ಖರೇ ಅಲ್ಲ. ಇಲ್ಲಿ ಕೊಡು" ಎಂದರು. ಅಪ್ಪ ಕೊಟ್ಟ. ಆಮೇಲೆ ಉಪದೇಶಿಗಳು ದೊಡ್ಡಪ್ಪನ ಮನೆಗೆ ಒಬ್ಬರೇ ಹೋಗಿ ತಪ್ಪು ತಿಳಿಸಿದರು. ಕೇಳಲಿಲ್ಲ. ಇಬ್ಬರನ್ನು ಕರೆದುಕೊಂಡು ಹೋದರು. ಆಗಲೂ ಕೇಳಲಿಲ್ಲ.

ಸುಗ್ಗಿ ಮುಗಿದ ಮೇಲೆ ಎಲ್ಲರೂ ಬೆಳೆಯ ಕಾಣಿಕೆ ತರುವ ಭಾನುವಾರ ಬಂತು. ದೊಡ್ಡಪ್ಪ ಊರಿಗೇ ದೊಡ್ಡದಾದ ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತು ಬಂದ. ಉಪದೇಶಿಗಳು ಚರ್ಚಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಒಡಹುಟ್ಟಿದವ್ರಿಗೆ ಅನ್ಯಾಯ ಮಾಡಿದವ್ರು ಯಾರರ ಇದ್ರ ಕಾಣಿಕಿ ಹೊರಗ ಇಡ್ರಿ. ಮೊದ್ಲ ಹೋಗಿ ರಾಜಿ ಆಗಿ ಬರ್ರಿ."

"ಯಾರ್ರೀ ನೀರು ಕದ್ದವ್ರು? ಯಾರಿಗ್ರೀ ಅಂತೀರಿ?" ದೊಡ್ಡಪ್ಪ ಕಿರುಚಿದ.

ನೀರಿನ ಸುದ್ದಿಯನ್ನು ಉಪದೇಶಿಗಳು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಮ್ಮ ದೊಡ್ಡಪ್ಪನ ಹೆಗಲ ಮೇಲಂತೂ ಕಾಯಿಯೇ ಇತ್ತು! ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು. ಅವನು ಕಾಯಿಯನ್ನು ಹೊಸ್ತಿಲ ಮೇಲೆ ಕುಕ್ಕಿ ಹೊರಟುಹೋದ.

ಎಷ್ಟೋ ಭಾನುವಾರ ಅದನ್ನು ದಾಟಿಕೊಂಡೇ ನಾವು ಒಳಗೆ ಹೋದೆವು. ದೊಡ್ಡಪ್ಪ ನಮ್ಮ ಮನೆಗೆ ಬರಲಿಲ್ಲ, ಚರ್ಚಿನ ಮೇಲಧಿಕಾರಿಗಳ ಹತ್ತಿರ ದೂರು ಒಯ್ದ. ಉಪದೇಶಿಗಳಿಗೆ ಕುಷ್ಟಗಿ ಕಡೆ ವರ್ಗವಾಯಿತು. ಸಭೆಯಲ್ಲಿ ಒಬ್ಬರಾದರೂ ಬಾಯಿ ಬಿಡಬೇಕಲ್ಲ? ಎಲ್ಲರೂ ಸಮಾಧಾನದಿಂದಿದ್ದರು!

ಹೊರಡುವ ಮುನ್ನ ಉಪದೇಶಿಗಳು ದೊಡ್ಡಪ್ಪನ ಮನೆಯಲ್ಲಿ ಊಟ ಮಾಡಿದರೆಂದು ಗೊತ್ತಾಯಿತು. ನಾನಾಗ ಕಾಲೇಜು ಹುಡುಗಿ. ಬಸ್ಸಿಗೆ ಕಾಯುತ್ತಿದ್ದ ಅವರ ಎದುರು ಹೋಗಿ ನಿಂತೆ.

"ಅವ್ರ ಮನ್ಯಾಗ ಹೆಂಗ ಉಂಡ್ರಿ?"

"ಕರದ್ರು, ಉಂಡೆ. ನಾ ಕಾಣಿಕಿ ಹೊರಗ ಇಡಿಸೀನವಾ, ಅವ್ರನ್ನಲ್ಲ."

ನನಗದು ಆಗ ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಪೂರ್ತಿ ಹಿಡಿಸಿಲ್ಲ. ಅವರು ತೀರಿಕೊಂಡದ್ದು ನಮಗೆ ತಿಳಿದದ್ದೇ ತಡವಾಗಿ. ಮಣ್ಣಿಗೂ ಹೋಗಲಾಗಲಿಲ್ಲ...

ಈಗ ಕೆಳಗಿನ ಗದ್ದೆ ನನ್ನ ತಮ್ಮನದು. ಮೇಲಿನ ಗದ್ದೆ, ಅದರ ಜೊತೆ ಸಭೆಯ ಹಿರಿತನ, ಎರಡೂ ದೊಡ್ಡಪ್ಪನ ಮಗನವು. ಮಣ್ಣಿನ ಚೀಲದ ಜಾಗದಲ್ಲಿ ಈಗ ಸಿಮೆಂಟಿನ ಕಟ್ಟೆ. ತಮ್ಮ ಹೋದ ವಾರ ಫೋನಿನಲ್ಲಿ ಅತ್ತ: "ಗದ್ದಿ ಬಿರಕು ಬಿಟ್ಟೈತಿ ಅಕ್ಕಾ. ಎಲ್ಲಾರೂ ಸಮಾಧಾನ ಮಾಡ್ಕೋ ಅಂತಾರ."

ಅದಾದ ಮೇಲೆ ಈ ಕುಂಬಳಕಾಯಿ ಬಂತು. ನೀರಿನ ಬಗ್ಗೆ ಒಂದು ಮಾತಿಲ್ಲ. "ಒಳಗ ಇಡ್ಲೇನ್ರಿ ಅಕ್ಕಾರ?" ಎಂದು ಡ್ರೈವರ್ ಕೇಳಿದ. ಎತ್ತಿ ರಸ್ತೆಗೆ ಒಗೆಯಬೇಕು ಅನ್ನಿಸಿತು. ಕೈ ಚಾಚಿಯೂ ಬಿಟ್ಟಿದ್ದೆ.

"ಅಲ್ಲೇ ಹೊರಗ ಇರ್ಲಿ. ನನ್ನ ತಮ್ಮಗ ನೀರು ಬಿಟ್ಟು, ಅವನ ಮನಿಗೆ ಹೋಗಿ, ಆಮ್ಯಾಲೆ ತಾನ ಬಂದು ಒಳಗ ಇಡ್ಲಿ ಅಂತ ಅಣ್ಣಗ ಹೇಳಪಾ" ಎಂದೆ. ಅವನು ಕಾರು ಹತ್ತಿದ ಮೇಲೆ ಕೂಗಿದೆ: "ಬಂದ ದಿನಾ ಊಟಾ ಇಲ್ಲೇ ಅಂತನೂ ಹೇಳು."

ಕೊನೆಯ ಮಾತು ನನ್ನದಲ್ಲ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅದನ್ನು ಆಡಬೇಕಾಗಿದ್ದವರು ಕುಷ್ಟಗಿ ಕಡೆಯ ಯಾವುದೋ ಮಣ್ಣಿನಲ್ಲಿದ್ದಾರೆ. ಹೋಗುವಾಗ, ಬರುವಾಗ ಕಾಯಿ ದಾಟುತ್ತಿದ್ದೇನೆ. ಸಿಟ್ಟು ಇಳಿದಿಲ್ಲ. ಆದರೂ ಕಾರಿನ ಸದ್ದಾದರೆ ಬಾಗಿಲಿಗೆ ಬರುತ್ತೇನೆ. ಅವನಿನ್ನೂ ಬಂದಿಲ್ಲ.