ನಮ್ಮ ಹಾಲಿನಲ್ಲಿ ನೀಲಿಯಾದ ಕಾಗದ

ಭಾನಾಮತಿ, ಮಾಟ ಎಂದೆಲ್ಲ ಯಾರಾದರೂ ಹೇಳಿದರೆ ನಾನು ಎದುರಿಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ನನ್ನ ತಂಗಿ ಶಿವಲೀಲಾ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಾಳೆ. ಕೂಸಾಗಿದ್ದ ಅವಳನ್ನು ಎತ್ತಿಕೊಳ್ಳಲೆಂದೇ ನನ್ನನ್ನು ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದ್ದರು. ಎರಡು ವರ್ಷದ ಹಿಂದೆ ಅವಳು ಗುಡಗೇರಿ ಸ್ಟೇಷನ್ನಿನಲ್ಲಿ ಇಳಿದು ನನ್ನ ಮನೆಗೆ ಬಂದಾಗ ಒಂದು ಡಬ್ಬಿ ತುಂಬ ಕಾಗದದ ಪಟ್ಟಿ ತಂದಿದ್ದಳು. ಹಾಲು ಕೆಡದಿರಲೆಂದು ಕೆಲವರು ಅದಕ್ಕೆ ಔಷಧ ಬೆರೆಸುತ್ತಾರೆ. ಅಂಥ ಹಾಲಿನಲ್ಲಿ ಅದ್ದಿದರೆ ಪಟ್ಟಿ ನೀಲಿಯಾಗುತ್ತದೆ. ಮರುದಿನ ಊರಿನ ಡೇರಿಯಲ್ಲಿ ಎಲ್ಲರ ಮುಂದೆ ತೋರಿಸಬೇಕಿತ್ತು. ಅಲ್ಲಿ ಸರಿಯಾದರೆ ಅವಳ ಪ್ರಬಂಧ ಮುಗಿದಂತೆ.

“ಮೂಲಂಗಿಯೊಳಗ ಕಬ್ಬಿಣ ಇರೋ ಒಂದು ಕಿಣ್ವ ಐತ್ರಿ ಕಾಕಾ,” ಎಂದು ಅವಳು ನಮ್ಮ ಕಟ್ಟೆಯ ಮೇಲೆ ಕೂತು ಡೇರಿಯ ಸೆಕ್ರೆಟರಿಗೆ ವಿವರಿಸಿದಳು. “ಬಣ್ಣ ಬರಸೋ ಕೆಲಸ ಅದರದು. ಆದ್ರ ಬಿಸಿಲಿಗೆ ಕೆಡ್ತೈತಿ. ಅದಕ್ಕ ಅದರಂಗ ಕೆಲಸ ಮಾಡೋ ಕಬ್ಬಿಣದ ಪುಡಿ ನಾವ ಮಾಡೇವಿ. ಇದು ಕೆಡಂಗಿಲ್ಲ.”

ಕಿಣ್ವ ಅಂದರೇನು ಎಂದು ನಾನು ಕೇಳಿದೆ.

“ಅಕ್ಕಾ, ನೀ ಚಾ ತಗೊಂಡ ಬಾ. ಇದು ನಾಲ್ಕನೇತ್ತೆ ಪಾಠ ಅಲ್ಲ.”

ಸೆಕ್ರೆಟರಿ ನಕ್ಕರು. ನನ್ನ ಮೈಯೆಲ್ಲ ಉರಿಯಿತು. ನನ್ನ ಸೊಂಟದ ಮೇಲೆ ಬೆಳೆದವಳು! ನಾಳೆ ಮಂದಿಯ ಮುಂದೆ ನೀನೂ ನಗೆಪಾಟಲಾಗು ಅಂದುಕೊಂಡೆ. ಅವಳು ಹೊರಗೆ ಹೋದಾಗ ಪಟ್ಟಿಗಳನ್ನೆಲ್ಲ ಒಲೆಗೆ ಹಾಕಿದೆ. ಪುಡಿ ಹಚ್ಚದ ಖಾಲಿ ಕಾಗದವೂ ಅವಳ ಚೀಲದಲ್ಲಿತ್ತು. ಅದನ್ನು ಕತ್ತರಿಸಿ, ತುದಿಗಳನ್ನು ಉಳಿದ ಚಹಾದಲ್ಲಿ ಅದ್ದಿ ಒಣಗಿಸಿದೆ. ಪುಡಿ ಹಚ್ಚಿದ ತುದಿಗಿದ್ದ ಅದೇ ತಿಳಿ ಕಂದು ಬಂತು. ಡಬ್ಬಿ ತುಂಬಿಟ್ಟೆ. ಹಿತವೆನಿಸಿತು.

ಮುಂಜಾನೆ ಡೇರಿಯಲ್ಲಿ ಎರಡು ಲೋಟ ಇಟ್ಟರು. ಒಂದರಲ್ಲಿ ಅವಳೇ ಔಷಧ ಬೆರೆಸಿದ ಹಾಲು, ಇನ್ನೊಂದರಲ್ಲಿ ನಾನು ಆಗಷ್ಟೇ ಹಿಂಡಿ ತಂದ ನಮ್ಮ ಎಮ್ಮೆಯ ಹಾಲು. ಔಷಧದ ಹಾಲಿಗೆ ಅದ್ದಿದ ಪಟ್ಟಿ ಇದ್ದ ಹಾಗೇ ಇತ್ತು. ಮಂದಿ ನಕ್ಕರು. ಸೆರಗಿನ ಮರೆಯಲ್ಲಿ ನಾನೂ ನಕ್ಕೆ. ಇನ್ನೊಂದನ್ನು ಅವಳು ನಮ್ಮ ಹಾಲಿಗೆ ಅದ್ದಿದಳು. ಅದು ನೀಲಿಯಾಯಿತು. ಶಾಯಿಯಂಥ ನೀಲಿ. ಮತ್ತೊಂದು ಅದ್ದಿದಳು, ಅದೂ ನೀಲಿ.

“ಏನ ಬೆರಸೀದಿ ಬೇ ಹಾಲಿಗೆ?” ಎಂದು ಪಕ್ಕದ ಮನೆಯವಳು ಕೂಗಿದಳು. “ತಂಗೀ ಔಷಧಕ್ಕಿಂತ ಅಕ್ಕನ ಔಷಧ ಜೋರ ಐತಲ್ಲ!”

ನಾನು ಏನೂ ಬೆರೆಸಿರಲಿಲ್ಲ. ಅದು ಬರೀ ಕಾಗದ ಎಂದಿದ್ದರೆ ಉಳಿಯುತ್ತಿದ್ದೆ. ಅನ್ನಲಿಲ್ಲ. “ಅಕಿ ಪುಡೀನ ಕೆಟ್ಟೈತ್ರಿ,” ಅಂದೆ. ಶಿವಲೀಲಾ ಉಳಿದ ಪಟ್ಟಿಗಳನ್ನೆಲ್ಲ ಗಟಾರಕ್ಕೆ ಸುರಿದಳು.

ಒಂದು ತಿಂಗಳು ಡೇರಿಯವರು ನಮ್ಮ ಹಾಲು ಮುಟ್ಟಲಿಲ್ಲ. ನನಗೆ ಅದು ತಕ್ಕದ್ದೇ. ಆದರೆ ಅವಳ ಪ್ರಬಂಧ ಅಲ್ಲೇ ನಿಂತಿದೆ. ಧಾರವಾಡದಲ್ಲಿ ಸರಿಯಾಗಿ ಬರುವ ಬಣ್ಣ ಊರಲ್ಲಿ ಯಾಕೆ ತಪ್ಪಿತೆಂದು, ಪುಡಿಯಲ್ಲಿ ಇಲ್ಲದ ದೋಷವನ್ನು ಇನ್ನೂ ಹುಡುಕುತ್ತಿದ್ದಾಳೆ. ಕತ್ತರಿಸಿ ಉಳಿದಿದ್ದ ಅದೇ ಕಾಗದದ ತುಂಡುಗಳನ್ನು ಅಂಥದೇ ಚಹಾದಲ್ಲಿ ಅದ್ದಿ, ಅದೇ ಎಮ್ಮೆಯ ಹಾಲಿಗೆ ಹಾಕಿ ನಾನು ಕದ್ದು ಎಷ್ಟೋ ಸಲ ನೋಡಿದೆ. ಒಮ್ಮೆಯೂ ನೀಲಿಯಾಗಲಿಲ್ಲ.

ಮೊನ್ನೆ ಫೋನಿನಲ್ಲಿ ಮತ್ತೆ ಕೇಳಿದಳು. “ಅಕ್ಕಾ, ಅವತ್ತ ನಿನ್ನ ಹಾಲಿನ್ಯಾಗ ಯಾಕ ನೀಲಿ ಆತು? ನನಗಂತೂ ತಿಳೀವಲ್ದು.”

“ನನಗೂ ತಿಳೀವಲ್ದವಾ,” ಅಂದೆ.

ಅದು ಸುಳ್ಳಲ್ಲ. ಉಳಿದದ್ದನ್ನು ಇನ್ನೂ ಹೇಳಿಲ್ಲ.