ರೆಹಾನಾ ಮೇಡಂ ಪ್ರಶಸ್ತಿಗೆ ಸಾಕ್ಷಿ ಹೇಳಿದ ಗಂಗವ್ವ

ಗೆಳೆಯರೇ, ನಮ್ಮ ಕನ್ನಡ ವಿಭಾಗದ ಸಮಾಜಸೇವಾ ಪ್ರಶಸ್ತಿ ಇವತ್ತು ರೆಹಾನಾ ಮೇಡಂ ಅವರಿಗೆ ಬಂತು. ಸುಲಭವಾಗಿ ಬರಲಿಲ್ಲ.

ಅವರು ಪ್ರತಿ ಭಾನುವಾರ ಬಸ್ ಹಿಡಿದು ಕಲಘಟಗಿ ತಾಲೂಕಿನ ತಂಬೂರಿಗೆ ಹೋಗಿ, ಹೊಲದಲ್ಲಿ ದುಡಿಯುವ ಹೆಂಗಸರಿಗೆ ಓದು ಬರಹ ಕಲಿಸುತ್ತಾರೆ. ಒಂದು ಫೋಟೋ ಕೂಡ ತೆಗೆಸಿಕೊಂಡಿಲ್ಲ. ವಿಭಾಗದ ಅಚ್ಚಾದ ಅರ್ಜಿ ನಮೂನೆ ತುಂಬಿ ಅವರ ಹೆಸರು ಸೂಚಿಸಿದ್ದು ನಾನು. ಆಯ್ಕೆ ಸಮಿತಿಯ ಅಧ್ಯಕ್ಷರು ಅರ್ಜಿಯನ್ನು ಬದಿಗಿಟ್ಟರು.

"ಫೋಟೋ ಇಲ್ಲ, ಪ್ರಮಾಣಪತ್ರ ಇಲ್ಲ. ಕಲಿಸ್ಯಾರ ಅಂತ ಹೆಂಗ ನಂಬೂದ್ರಿ?"

ಹೀಗಾದೀತೆಂದೇ ನಾನು ರೆಹಾನಾರ ವಿದ್ಯಾರ್ಥಿನಿ, ಅರವತ್ತು ದಾಟಿದ ಗಂಗವ್ವನನ್ನು ಕರೆಸಿ ಹೊರಗೆ ಕೂರಿಸಿದ್ದೆ. ಒಳಗೆ ಕರೆದೆ. ಅಧ್ಯಕ್ಷರು ಅದೇ ಅರ್ಜಿಯನ್ನು ಮುಂದಿಟ್ಟು, "ಯವ್ವಾ, ಇದನ್ನ ಓದು ನೋಡೂಣು" ಎಂದರು.

ಗಂಗವ್ವ ತಲೆಬರಹದ ಮೇಲೆ ಬೆರಳಿಟ್ಟು ಓದತೊಡಗಿ ನಡುವೆ ನಿಂತುಬಿಟ್ಟಳು. ಅಧ್ಯಕ್ಷರು ನನ್ನತ್ತ ನೋಡಿದರು.

"ಸಾಹೇಬ್ರ, ಪ್ರಶಸ್ತಿ ಅನ್ನೂದನ್ನ ತಪ್ಪ ಬರದೀರಿ," ಎಂದಳು. "ಇಲ್ಲಿ ತ ಬರಬೇಕ್ರಿ, ನೀವು ಥ ಹಾಕೀರಿ. ಇಂಥಾ ತಪ್ಪಿಗೆ ನಮ್ಮ ರೆಹಾನಾ ಅಕ್ಕಾರು ಹತ್ತ ಸಲ ಬರಸ್ತಾರ."

ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. ಅದೇ ಅರ್ಜಿಗೆ ಸಹಿ ಹಾಕಿದರು.

ಸುದ್ದಿ ತಿಳಿದ ರೆಹಾನಾ ತರಗತಿ ಬಿಟ್ಟು ಓಡಿ ಬಂದರು. ಗಂಗವ್ವನ ಕೈ ಹಿಡಿದು, "ಪಾಸಾದಿ ನೋಡಬೇ" ಎಂದರು.

ಆ ಅರ್ಜಿ ನಮೂನೆ ಅಚ್ಚಿಗೆ ಹೋಗುವ ಮೊದಲು ಅದನ್ನು ಪರಿಶೀಲಿಸಿದ್ದು ಕನ್ನಡದಲ್ಲಿ ಡಾಕ್ಟರೇಟ್ ಪಡೆದ ನಾವು ಏಳು ಜನ. ಗಂಗವ್ವನಿಗೆ ಮಾತ್ರ ಯಾರೂ ಹೇಳಬೇಡಿ.