ನಿಂತ ಕಾರಿನ ಸವೆದ ಟೈರು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನಂಬಿಕೆಯಿಲ್ಲದೆ ಎದುರಿಗೆ ಕೂತು ತಲೆಯಾಡಿಸುವುದು ನನ್ನಿಂದಾಗದು, ನಕ್ಕರೆ ಹೇಳುವವರಿಗೆ ನೋವು. ಹಾಗಾಗಿ ನೀವು ಇದನ್ನು ಅರ್ಧಕ್ಕೆ ಬಿಟ್ಟು ಎದ್ದರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅರ್ಥವನ್ನು ಮಾತ್ರ ಕೇಳಬೇಡಿ.

ನಮ್ಮ ಮನೆ ಅಮರಗೋಳದಲ್ಲಿದೆ. ನಮ್ಮ ಮನೆಯವರು ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ದಿನವೂ ಧಾರವಾಡ ದಾಟಿ ಹೋಗಿ ಬರಬೇಕು, ಅದಕ್ಕೆಂದು ಒಂದು ಹಳೆಯ ಸಣ್ಣ ಕಾರಿದೆ. ಭಾನುವಾರ ಬೆಳಿಗ್ಗೆ ಚಹಾ ಆದಮೇಲೆ ಅದರ ಟೈರುಗಳ ಮುಂದೆ ಕುಕ್ಕರಗಾಲಲ್ಲಿ ಕೂರುವುದು ಅವರ ಪದ್ಧತಿ. ನಾನು ಹತ್ತಿರ ಸುಳಿದರೆ ಪಾಠವೂ ಆಗುತ್ತಿತ್ತು. ಟೈರು ನಡುವೆ ಸವೆದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದರೆ ಗಾಲಿ ನೆಟ್ಟಗಿಲ್ಲ, ಅಲೈನ್‌ಮೆಂಟ್ ತಪ್ಪಿದೆ. ಟೈರಿನ ಮೈಮೇಲಿನ ಗೀರುಗಳ ತಳದಲ್ಲಿರುವ ಸಣ್ಣ ಉಬ್ಬಿನ ಮಟ್ಟಕ್ಕೆ ರಬ್ಬರು ಇಳಿಯಿತೆಂದರೆ ಮುಗಿಯಿತು, ಬದಲಿಸಲೇಬೇಕು. “ಎಲ್ಲಾರೂ ಹೊರಗಿನ ಮಗ್ಗಲಾ ನೋಡತಾರ. ಟೈರ್ ಸಾಯೂದು ಒಳಗಿನ ಮಗ್ಗಲದಾಗ” ಎನ್ನುತ್ತಿದ್ದರು.

ಅವರು ಹಾಸಿಗೆ ಹಿಡಿಯುವ ಮುಂಚಿನ ಭಾನುವಾರವೂ ನನ್ನನ್ನು ಕರೆದರು. ಹಿಂದಿನ ದಿನವಷ್ಟೇ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದಿದ್ದರು. ಎಡಗಡೆ ಮುಂದಿನ ಟೈರಿನ ಒಳಗಡೆ ಕೈ ಹಾಕಿ ನೋಡು ಎಂದರು. ನನ್ನ ಕೈಗೆ ಚಪಾತಿ ಹಿಟ್ಟು ಮೆತ್ತಿತ್ತು. ಹಾಗೆಯೇ ಹಾಕಿದೆ. ಗೀರು ಆಳವಾಗಿತ್ತು, ಬೆರಳ ತುದಿ ಒಳಗೆ ಹೋಯಿತು. ಆಮೇಲೆ ಉಗುರಿನ ಸಂದಿಯ ಕಪ್ಪು ತೊಳೆಯಲು ಸಾಕಾಯಿತು. ಇದು ನನಗೆ ಚೆನ್ನಾಗಿ ನೆನಪಿದೆ.

ಅದೇ ವಾರ ಅವರಿಗೆ ಜ್ವರ ಬಂತು. ಮೊದಲು ಮಾಮೂಲಿ ಜ್ವರವೆಂದೇ ತಿಳಿದೆವು. ಒಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ಕುಸಿದರು, ಮಾತು ನಿಂತಿತು. ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದೆವು. ಮೆದುಳಿಗೆ ಜ್ವರ ಏರಿದೆ, ಎಚ್ಚರ ಯಾವಾಗ ಬರುತ್ತದೆಂದು ಹೇಳಲಾಗದು, ಬರುತ್ತದೆಂದೂ ಹೇಳಲಾಗದು ಎಂದರು ಡಾಕ್ಟರು. ಕಾರಿಗೆ ಹೊದಿಕೆ ಹೊದಿಸಿ, ಕೀಲಿ ನನ್ನ ಪರ್ಸಿನಲ್ಲಿಟ್ಟುಕೊಂಡೆ. ಮನೆಯಲ್ಲಿ ಬೇರೆ ಯಾರಿಗೂ ಕಾರು ನಡೆಸಲು ಬಾರದು. ರಾತ್ರಿ ಆಸ್ಪತ್ರೆಯಲ್ಲಿ ಮೈದುನ ಪ್ರಕಾಶ ಇರುತ್ತಿದ್ದ. ನಾನು ಬೆಳಿಗ್ಗೆ ಅತ್ತೆಗೆ ಅಡುಗೆ ಮಾಡಿಟ್ಟು ಬಸ್ಸು ಹಿಡಿದು ಹೋಗುತ್ತಿದ್ದೆ, ಕತ್ತಲಾಗುವ ಹೊತ್ತಿಗೆ ಮರಳುತ್ತಿದ್ದೆ. ಐಸಿಯುನಲ್ಲಿ ಅವರನ್ನು ನೋಡಲು ಬಿಡುತ್ತಿದ್ದುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಹೊರಗಿನ ಬೆಂಚು.

ಎಷ್ಟೇ ಕಷ್ಟವಿದ್ದರೂ ಅಂಗಳ ಗುಡಿಸಿ ರಂಗೋಲಿ ಹಾಕುವುದನ್ನು ನಾನು ಬಿಡಲಿಲ್ಲ. ಬಿಟ್ಟರೆ ಏನೋ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸುತ್ತಿತ್ತು. ಹಾಗೆ ಗುಡಿಸುವಾಗಲೇ ಮೊದಲು ಕಂಡದ್ದು ಆ ಕಪ್ಪು ಪುಡಿ. ಎಡಗಡೆ ಮುಂದಿನ ಗಾಲಿಯ ಕೆಳಗೆ, ಕಾಡಿಗೆಯಷ್ಟು ನಯವಾಗಿ ಬಿದ್ದಿತ್ತು. ಗುಡಿಸಿದೆ. ಮರುದಿನ ಮತ್ತೆ ಅಲ್ಲೇ ಬಿದ್ದಿತ್ತು. ಅದರ ಮರುದಿನವೂ. ಬೆರಳಲ್ಲಿ ತಿಕ್ಕಿ ಮೂಸಿದರೆ ಬಿಸಿಲಲ್ಲಿ ಓಡಿದ ರಬ್ಬರಿನ ವಾಸನೆ. ಇಲಿ ಕಡಿಯುತ್ತಿರಬಹುದೆಂದು ಹೊದಿಕೆ ಎತ್ತಿ, ಅವರು ಕಲಿಸಿದಂತೆ ಒಳಗಡೆ ಕೈ ಹಾಕಿದೆ. ಗೀರೇ ಇರಲಿಲ್ಲ. ಬೋಳಾಗಿ, ನುಣ್ಣಗೆ ಇತ್ತು. ಹೊರಗಿನ ಅಂಚು ಮಾತ್ರ ಹೊಸದರಂತೆಯೇ ಇತ್ತು.

ಯಾರೋ ಕಾರು ಒಯ್ದಿರಬಹುದೇ? ಕೀಲಿ ನನ್ನ ಬಳಿ ಇದೆ. ಗೇಟಿನ ಉದ್ದಕ್ಕೂ ಹಿಂದಿನ ದಿನ ಹಾಕಿದ ರಂಗೋಲಿಯ ಎಳೆ ಹಾಗೇ ಇದೆ. ಆಸ್ಪತ್ರೆಯ ಬೆಂಚಿನಲ್ಲಿ ಪ್ರಕಾಶನಿಗೆ ಇದನ್ನು ಹೇಳಿದಾಗ ಅವನು ನನ್ನ ಮುಖವನ್ನೇ ನೋಡಿದ. “ವೈನಿ, ಅಣ್ಣನ ಚಿಂತಿ ಸಾಲಲಾರದ್ದಕ್ಕ ಕಾರಿಂದೂ ಹಚ್ಕೊಂಡ್ರೇನು? ಒಂದೀಟು ನಿದ್ದಿ ಮಾಡ್ರಿ” ಎಂದ. ಅವನದು ತಪ್ಪಲ್ಲ. ನನಗೂ ನನ್ನ ಮೇಲೆ ಅದೇ ಅನುಮಾನವಿತ್ತು.

ಆದರೆ ಪುಡಿ ಬೀಳುವುದು ನಿಲ್ಲಲಿಲ್ಲ. ಅವರ ಜ್ವರ ಏರಿದ ದಿನದ ಮರುದಿನ ಹೆಚ್ಚು, ಸ್ವಲ್ಪ ಇಳಿದ ದಿನದ ಮರುದಿನ ಕಡಿಮೆ. ಇದನ್ನು ನಾನು ಬೇಕೆಂದೇ ಹೊಂದಿಸಿಕೊಂಡೆನೋ ಏನೋ, ಆಣೆ ಮಾಡಿ ಹೇಳಲಾರೆ. ಒಂದು ಬೆಳಿಗ್ಗೆ ಕೈ ಹಾಕಿದಾಗ ಬೆರಳಿಗೆ ಏನೋ ಚುಚ್ಚಿತು. ರಬ್ಬರು ತೀರಿ ತಂತಿ ಹೊರಬಿದ್ದಿತ್ತು. ಬೆರಳ ರಕ್ತವನ್ನು ಸೆರಗಿಗೆ ಒರೆಸಿಕೊಂಡು ಅಲ್ಲೇ ಕೂತುಬಿಟ್ಟೆ. ತಂತಿ ಕಂಡ ಟೈರು ಯಾವ ಗಳಿಗೆಯಲ್ಲಾದರೂ ಸಿಡಿಯುತ್ತದೆ ಎಂದು ಅವರೇ ಹೇಳಿದ್ದರು. ನಿಂತ ಕಾರಿಗೆ ಸಿಡಿದರೇನು, ಬಿಟ್ಟರೇನು ಎಂದು ಬುದ್ಧಿ ಹೇಳುತ್ತಿತ್ತು. ಆದರೂ ಆ ಟೈರನ್ನು ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ.

ಆವತ್ತು ಹಗಲೂ ಪ್ರಕಾಶನಿಗೇ ಇರಲು ಹೇಳಿ, ನಾನು ಆಸ್ಪತ್ರೆಗೆ ಹೋಗಲಿಲ್ಲ. ಊರ ಟೈರಿನ ಅಂಗಡಿಯ ಬಸಪ್ಪನನ್ನು ಕರೆಸಿದೆ. ಅಲೈನ್‌ಮೆಂಟ್ ಮಾಡಿದ್ದವನೂ ಅವನೇ. ಬಗ್ಗಿ ನೋಡಿದವನೇ, “ಅಕ್ಕಾರ, ಗಾಡಿ ಎಷ್ಟ್ ಸಲಾ ಗೋವಾಕ್ಕ ಹೋಗಿ ಬಂತ್ರಿ?” ಎಂದು ನಕ್ಕ. ನಾನು ನಗಲಿಲ್ಲ. ಅವರು ಬಿದ್ದಾಗಿನಿಂದ ಕಾರು ಕದಲಿಲ್ಲ ಎಂದೆ. ಅವನ ನಗು ನಿಂತಿತು. ತನ್ನದೇ ಕೆಲಸದಲ್ಲಿ ಏನೋ ತಪ್ಪಾಗಿರಬೇಕು ಎಂದು ಗೊಣಗಿದ. ಸದ್ಯಕ್ಕೆ ಡಿಕ್ಕಿಯ ಸ್ಟೆಪ್ನಿ ಹಾಕೋಣವೇ ಎಂದು ಕೇಳಿದ. ಅದು ಓಡದೆ ಬಿದ್ದು ವರ್ಷಗಳಾಗಿ ಒಣಗಿ ಸೀಳು ಬಿಟ್ಟಿತ್ತು. ಗೀರು ಆಳವಾಗಿದ್ದರೂ ಮುದಿಯಾದ ಟೈರನ್ನು ನಂಬಬಾರದು. ಹೊಸದೇ ಬೇಕು, ಈಗಲೇ ಬೇಕು ಎಂದೆ.

ಅವನು ಜಾಕ್ ಹಚ್ಚುವಷ್ಟರಲ್ಲಿ ಅತ್ತೆ ಹೊರಗೆ ಬಂದರು. ಯಜಮಾನ ಹಾಸಿಗೆ ಹಿಡಿದಾಗ ಗಾಡಿಯ ಗಾಲಿ ಬಿಚ್ಚಬಾರದು, ನೇಗಿಲಾಗಲಿ ಕುಂಟೆಯಾಗಲಿ ಆತನ ಕೈಯೊಳಗಿನದನ್ನು ಕಳಚಬಾರದು ಎಂಬುದು ಅವರ ತವರಿನ ಪದ್ಧತಿ.

“ಮಲಗಿದಾಂವನ ಗಾಲಿ ಬಿಚ್ಚಸತಿಯೇನವಾ? ಎದಿ ಹೆಂಗ ಬಂತು ನಿನಗ?” ಎಂದರು.

“ಅವರು ಮಲಗಿಲ್ರಿ ಅತ್ತಿ” ಎಂದೆ. “ಎಲ್ಲೋ ಗಾಡಿ ಹೊಡ್ಯಾಕತ್ತಾರ.”

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಅತ್ತೆ ಮೆಟ್ಟಿಲ ಮೇಲೆ ಕೂತರು. ಬಸಪ್ಪ ನಮ್ಮಿಬ್ಬರನ್ನೂ ನೋಡದೆ ಗಾಲಿ ಬಿಚ್ಚಿ, ಹೊಸ ಟೈರು ಕೂರಿಸಿಕೊಂಡು ಬರುತ್ತೇನೆಂದು ಅದನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೋದ.

ಕಾರು ಮೂರು ಗಾಲಿಯ ಮೇಲೆ, ಜಾಕಿಗೆ ಆತು ನಿಂತಿತ್ತು. ಮಧ್ಯಾಹ್ನದ ಬಿಸಿಲು. ಫೋನು ಬಂತು, ಪ್ರಕಾಶ. ಅವನ ಧ್ವನಿ ಗುರುತೇ ಸಿಗದಂತಿತ್ತು. “ವೈನಿ, ಬಿಪಿ ಒಮ್ಮಿಗೇ ಇಳ್ಯಾಕತ್ತೈತಿ. ಡಾಕ್ಟರ್ ಒಳಗ ಕರದಾರ. ಲಗೂನ ಬರ್ರಿ.”

ಹೋಗುವುದು ಹೇಗೆ? ಅಮರಗೋಳದಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಏನೂ ಉಳಿಯುವುದಿಲ್ಲ ಎನ್ನಿಸಿತು. ಗಾಲಿಯಿಲ್ಲದ ಆ ಖಾಲಿ ಜಾಗವನ್ನು ನೋಡಿದೆ. ನಾನೇ ಬಿಚ್ಚಿಸಿದ್ದು. ಅವರನ್ನು ಕೊಂದೆನೇ ಎಂಬ ಒಂದೇ ಯೋಚನೆ. ಫೋನನ್ನು ಅವರ ಕಿವಿಗೆ ಹಿಡಿ ಎಂದೆ. ಪ್ರಕಾಶ ಏನೋ ಹೇಳಹೊರಟ. ಹಿಡಿಯೋ ಎಂದು ಚೀರಿದೆ. ಆಮೇಲೆ ಯಂತ್ರಗಳ ಸದ್ದು ಹತ್ತಿರವಾಯಿತು.

“ಏನ್ರೀ, ಕೇಳ್ರಿಲ್ಲೆ” ಎಂದೆ. “ಗಾಡಿ ಬಾಜೂಕ ಹಚ್ಚರಿ. ಮುಂದಿನ ಗಾಲಿ ಬಿಚ್ಚಸೇನಿ. ಹಾಕೂತನಕ ಮುಂದ ಹೋಗಬ್ಯಾಡ್ರಿ. ಸುಮ್ಮ ನಿಂದರ್ರಿ.”

ಅದನ್ನೇ ಮತ್ತೆ ಮತ್ತೆ ಹೇಳಿದೆ. ಬಸಪ್ಪ ಬಂದಾಗಲೂ ಹೇಳುತ್ತಿದ್ದೆ. ಅವನು ಗಾಲಿ ಏರಿಸಿ ನಟ್ಟು ಬಿಗಿದು ಜಾಕ್ ಇಳಿಸಿದ. ಟೈರು ನೆಲ ಮುಟ್ಟಿ ಸ್ವಲ್ಪ ಅಗಲವಾಯಿತು. “ಆತ್ರಿ, ಹೊಂಡ್ರಿ” ಎಂದೆ ಫೋನಿಗೆ. ಆ ಕಡೆಯಿಂದ ಬಹಳ ಹೊತ್ತು ಯಂತ್ರದ ಸದ್ದಷ್ಟೇ. ಆಮೇಲೆ ಪ್ರಕಾಶ ಅಳುತ್ತ, ಬಿಪಿ ಇಳಿಯುವುದು ನಿಂತಿದೆ, ಈಗ ಏರುತ್ತಿದೆ ಎಂದ.

ಅವರಿಗೆ ಎಚ್ಚರ ಬಂದದ್ದು ಮತ್ತೆ ಎಷ್ಟೋ ದಿನಗಳ ಮೇಲೆ. ನಡುವೆ ಪುಡಿ ಬೀಳಲಿಲ್ಲ. ಬಿಪಿ ಇಳಿದದ್ದಕ್ಕೆ ಡಾಕ್ಟರು ಕಾರಣ ಹೇಳಿದರು, ಏರಿದ್ದಕ್ಕೆ ಔಷಧದ ಹೆಸರನ್ನೂ ಹೇಳಿದರು. ಬಸಪ್ಪನ ಕೈ ತಪ್ಪಿ ಗಾಲಿ ಸೊಟ್ಟಗಾಗಿ, ಅವರು ಓಡಾಡಿದ ಆ ಕೊನೆಯ ಎರಡು ಮೂರು ದಿನದಲ್ಲೇ ಟೈರು ಸವೆದಿರಬಹುದು. ಪುಡಿ ಇಲಿ ಕಡಿದದ್ದೇ ಇರಬಹುದು. ಹಿಟ್ಟಿನ ಕೈಯಿಂದ ನಾನು ಬೇರೆ ಗಾಲಿಯನ್ನೇ ಮುಟ್ಟಿರಬಹುದು. ಒಂದೊಂದಕ್ಕೂ ಒಂದೊಂದು ಉತ್ತರ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ನನಗೆ ಏನೂ ತೋಚುವುದಿಲ್ಲ.

ಮನೆಗೆ ಬಂದಮೇಲೆ ಅವರಿಗೆ ನಾನು ಇದ್ಯಾವುದನ್ನೂ ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಕೋಲು ಹಿಡಿದು ಅಂಗಳದಲ್ಲಿ ನಡೆಯುವಷ್ಟಾದಾಗ ಒಂದು ಬೆಳಿಗ್ಗೆ, ಬಸಪ್ಪ ವಾಪಸು ತಂದು ಕಾಂಪೌಂಡಿಗೆ ಒರಗಿಸಿಟ್ಟಿದ್ದ ಹಳೆಯ ಟೈರು ಅವರ ಕಣ್ಣಿಗೆ ಬಿತ್ತು. ಕಷ್ಟಪಟ್ಟು ಕೂತರು. ಒಳಗಿನ ಅಂಚಿನ ಉದ್ದಕ್ಕೂ ಅಂಗೈ ಆಡಿಸಿದರು, ತಂತಿ ಇದ್ದಲ್ಲಿ ನಿಂತರು. ಯಾವಾಗ ತೆಗೆಸಿದೆ ಎಂದು ಕೇಳುತ್ತಾರೆಂದು ನಾನು ಕಾದೆ. ಕೇಳಲಿಲ್ಲ. ಹೊಸ ಟೈರಿನ ಕಡೆ ನೋಡಲೂ ಇಲ್ಲ.

“ಇಷ್ಟ ಸವೀಬೇಕಂದ್ರ ಎಷ್ಟ ದೂರ ಹೋಗಿರಬೇಕು” ಎಂದರು, ತಮಗೆ ತಾವೇ ಎಂಬಂತೆ.

ನಾನು ಅವರನ್ನು ಕೇಳಬೇಕೆಂದಿದ್ದದ್ದೂ ಅದನ್ನೇ. ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ.